ಸುಣ್ಣದ ಕೆಮ್ಮು

ಗಂಟು ನೋಯುತ್ತಿರಲಿಲ್ಲ. ನೋಯುವಂತಿದ್ದರೆ ನಾನೇ ಅದಕ್ಕೆ ಸ್ವಲ್ಪ ಬೆಲೆ ಕೊಡುತ್ತಿದ್ದೆ. ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಎದ್ದವಳು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದೆ. ಬಲಗಿವಿಯ ಕೆಳಗೆ ಅವರೆಕಾಳಿನಷ್ಟು ಗಾತ್ರದ ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು. ಒತ್ತಿದೆ. ಜಾರಿತು. ತಲೆಯಲ್ಲಿ ಹೇನಾಗಿರಬೇಕು, ಅದಕ್ಕೇ ಗಡ್ಡೆ ಕಟ್ಟಿದೆ ಎಂದುಕೊಂಡು ಮತ್ತೆ ಸೊಪ್ಪಿನ ಮುಂದೆ ಕುಳಿತೆ. ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ಅವತ್ತು ನಮ್ಮ ಹುಳುಗಳು ಮೂರನೇ ಜ್ವರದಿಂದ ಎದ್ದಿದ್ದವು. ಎದ್ದ ಹುಳುವಿನ ಹಸಿವಿನ ಮುಂದೆ ಮನೆಯ ಹೆಂಗಸಿನ ಕುತ್ತಿಗೆ ಯಾವ ಲೆಕ್ಕ.

ಅದು ಎಂಬತ್ತೆರಡನೇ ಇಸವಿಯ ಚಳಿಗಾಲ. ಈಗ ಎಂಬತ್ತನಾಲ್ಕು. ನನ್ನ ಔಷಧಿ ಮುಗಿದು ಮೂರು ತಿಂಗಳಾಗಿದೆ. ಇದನ್ನು ಬರೆಯುತ್ತಿರುವುದು ಮನಸ್ಸು ಹಗುರ ಮಾಡಿಕೊಳ್ಳುವುದಕ್ಕಲ್ಲ. ಸಿಟ್ಟು ಇನ್ನೂ ಬಿಸಿಯಾಗಿದೆ, ಆರುವ ಮುಂಚೆ ಬರೆದಿಡಬೇಕು.

ನನ್ನ ಗಂಡನ ಊರು ವೇಮಗಲ್ ಹತ್ತಿರ. ಮನೆಯಲ್ಲಿ ಗಂಡ ನಾರಾಯಣಸ್ವಾಮಿ, ಅತ್ತೆ ಅಕ್ಕಯ್ಯಮ್ಮ, ನಾನು, ಆಗ ನಾಲ್ಕು ವರ್ಷದವಳಾಗಿದ್ದ ಮಗಳು ಸುಮ. ಅತ್ತೆಗೆ ಎದುರಿಗೆ ನೀವು ಅನ್ನುತ್ತೇನೆ. ಇಲ್ಲಿ ಕಾಗದದ ಮೇಲೂ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ. ಮನೆಯ ಹಿಂದೆ ಹುಳುವಿನ ಮನೆ, ಅದರ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಮೈಲಿಗೆಯವರು, ಹೊರಗಿನವರು, ಕಾಯಿಲೆಯವರು ಆ ಬಾಗಿಲು ದಾಟುವಂತಿಲ್ಲ. ಹುಳು ಜ್ವರಕ್ಕೆ ಕೂತಾಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಆ ಕೆಲಸವನ್ನು ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಬಟ್ಟೆಯಲ್ಲಿ ಸುಣ್ಣ ಕಟ್ಟಿಕೊಂಡು ತಟ್ಟೆ ತಟ್ಟೆಗೂ ಜಾಡಿಸುತ್ತಿದ್ದಳು, ಜಾಡಿಸುತ್ತ ಕೆಮ್ಮುತ್ತಿದ್ದಳು.

ನಮ್ಮ ಕಡೆ ಹುಳು ಸಾಕುವ ಮನೆಗಳಲ್ಲಿ ಇದಕ್ಕೆ ಹೆಸರೇ ಇದೆ, ಸುಣ್ಣದ ಕೆಮ್ಮು. ಯಾರೂ ಅದಕ್ಕೆ ಔಷಧಿ ಕೇಳುವುದಿಲ್ಲ. ಕೆಮ್ಮುವವಳು ಮೈಗಳ್ಳಿಯಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ ಅನ್ನುವ ಹಾಗೆ ಮಾತಾಡುತ್ತಾರೆ. ಅತ್ತೆಯ ಕೆಮ್ಮು ಹುಳು ಇಲ್ಲದ ತಿಂಗಳಲ್ಲೂ ನಿಲ್ಲುತ್ತಿರಲಿಲ್ಲ. ಅದನ್ನು ನಾನೂ ಗಮನಿಸಲಿಲ್ಲ. ಈ ತಪ್ಪಿನಲ್ಲಿ ನನಗೂ ಪಾಲಿದೆ, ಅದೊಂದನ್ನು ಒಪ್ಪಿಕೊಳ್ಳುತ್ತೇನೆ.

ಸಂಕ್ರಾಂತಿಯ ಹೊತ್ತಿಗೆ ಗಂಟು ಮೂರಾದವು. ಸಂಜೆಯಾದರೆ ಸಣ್ಣಗೆ ಜ್ವರ. ರವಿಕೆಯೆಲ್ಲ ಸಡಿಲ. ಹತ್ತಿರದ ಊರಿನಲ್ಲಿ ಡಾಕ್ಟರಂತೆ ಸೂಜಿ ಚುಚ್ಚುವ ಕಾಂಪೌಂಡರೊಬ್ಬನಿದ್ದ. ಅವನು ಐದು ಇಂಜೆಕ್ಷನ್ ಕೊಟ್ಟ. ಗಂಟುಗಳಿಗೆ ಅದು ತಾಗಲೇ ಇಲ್ಲ. ಆಗ ಅತ್ತೆ ತೀರ್ಮಾನ ಮಾಡಿದಳು. ಇದು ಗಂಡಮಾಲೆ, ಬರೆ ಹಾಕಿಸಬೇಕು.

ಪಕ್ಕದೂರಿನಿಂದ ಒಬ್ಬ ಮುದುಕಿ ಬಂದಳು. ಅರಿಶಿನದ ಕೊಂಬನ್ನು ದೀಪದಲ್ಲಿ ಸುಟ್ಟಳು. ಅತ್ತೆ ನನ್ನ ತಲೆಯನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದಳು. ನನ್ನ ಗಂಡ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದ. ಮೂರು ಗಂಟಿಗೆ ಮೂರು ಬರೆ. ನಾನು ಕಿರುಚಿಕೊಂಡಿದ್ದು ಊರಿಗೆಲ್ಲ ಕೇಳಿತಂತೆ. ಹಿಡಿದುಕೊಂಡಿದ್ದಾಗಲೇ ಅತ್ತೆಗೆ ಕೆಮ್ಮು ಬಂತು. ನನ್ನನ್ನು ಬಿಟ್ಟರೆ ಕೊಸರಿಕೊಳ್ಳುತ್ತೇನೆ ಅಂತ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ನನ್ನ ಮುಖದ ಮೇಲೆಯೇ ಕೆಮ್ಮಿದಳು.

ಹದಿನೈದು ದಿನಕ್ಕೆ ನಡುವಿನ ಗಂಟು ಮೆತ್ತಗಾಗಿ ಒಡೆಯಿತು. ಹಳದಿ ಕೀವು ನಿಲ್ಲದೆ ಸೋರತೊಡಗಿತು.

ಅದೇ ವಾರ ಹುಳುವಿಗೆ ಹಾಲುತೊಂಡೆ ಬಿತ್ತು. ರೇಷ್ಮೆ ಸಾಕಿದವರಿಗೆ ಇದರ ಭಯ ಗೊತ್ತು. ಹುಳು ಊದಿಕೊಳ್ಳುತ್ತದೆ, ಚರ್ಮ ಒಡೆದು ಹಾಲಿನಂಥ ನೀರು ಸೋರಿಸುತ್ತಾ ತಟ್ಟೆಯ ಅಂಚಿನಲ್ಲೆಲ್ಲ ಹರಿದಾಡುತ್ತದೆ. ಒಂದು ಹುಳುವಿಗೆ ಬಂದರೆ ತಟ್ಟೆಗೆ ಬಂತು, ತಟ್ಟೆಗೆ ಬಂದರೆ ಮನೆಗೆ. ಬೆಳೆ ಪೂರಾ ಹೋಯಿತು. ತಿಪ್ಪೆಗೆ ಸುರಿದು ಬಂದ ಅತ್ತೆ ಅಂಗಳದಲ್ಲಿ ನಿಂತು ನನ್ನ ಕುತ್ತಿಗೆಯನ್ನು ನೋಡಿದಳು. ಹುಳುವೂ ಸೋರುತ್ತಿತ್ತು, ನಾನೂ ಸೋರುತ್ತಿದ್ದೆ. ಅವಳ ಲೆಕ್ಕ ಅಲ್ಲಿಗೆ ಕೂಡಿತು.

ಮಾರನೇ ದಿನ ನನ್ನ ಸೀರೆಗಳನ್ನು ಗಂಟು ಕಟ್ಟಿ ಜಗಲಿಯ ಮೇಲಿಟ್ಟಳು. ಶ್ರೀನಿವಾಸಪುರದ ಕಡೆ ಇರುವ ನನ್ನ ತವರಿಗೆ ಬಿಟ್ಟು ಬರಲು ಮಗನಿಗೆ ಹೇಳಿದಳು. ನಾನು ಸುಮಳನ್ನು ಎತ್ತಿಕೊಳ್ಳಲು ಹೋದೆ. ಅತ್ತೆ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

"ಮಗೂನ ಮುಟ್ಬೇಡ. ನನ್ ಹುಳ ತಿಂದಿದ್ದು ಸಾಲ್ದಾ ನಿಂಗೆ? ಅದು ನನ್ ಪಕ್ಕ ಮಲಿಕ್ಕೊಂಡು ಚೆನ್ನಾಗಿರ್ತೈತೆ."

ಸುಮ ಅಜ್ಜಿಯ ಸೆರಗು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ. ನಾನು ನಾಳೆ ಬರುತ್ತೇನೆ ಅಂದುಕೊಂಡಿರಬೇಕು.

ನನ್ನ ಅಪ್ಪ ನೀರುಗಂಟಿ. ಊರ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹರಿಸಿ ಕಟ್ಟುವುದು ನಮ್ಮ ಮನೆತನದ ಕೆಲಸ. ಅಪ್ಪ ಹೆಚ್ಚು ಮಾತಾಡುವವನಲ್ಲ. ನನ್ನ ಕುತ್ತಿಗೆಯ ಬರೆಗಳನ್ನು ನೋಡಿದ, ಪಂಚೆ ಬದಲಾಯಿಸಿದ, ಬಸ್ಸಿಗೆ ಹೊರಡಿಸಿದ. ಕೋಲಾರದ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಗಂಟಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎದೆಯ ಎಕ್ಸರೇ ತೆಗೆಸಿದರು. ರಿಪೋರ್ಟ್ ಬರಲು ಮೂರು ವಾರವಾಯಿತು, ಅಲ್ಲಿಯ ತನಕ ನಾನು ಕ್ಯಾನ್ಸರ್ ಎಂದೇ ನಂಬಿದ್ದೆ.

ಟಿಬಿ.

ಕೆಮ್ಮೇ ಇಲ್ಲದ ನನಗೆ ಟಿಬಿ ಹೇಗೆ ಅಂತ ಕೇಳಿದೆ. ಡಾಕ್ಟರಮ್ಮ ಕೇಸ್‌ಶೀಟಿನ ಹಿಂದೆ ಒಂದು ಮನುಷ್ಯಾಕಾರ ಬರೆದು, ಅದರ ತುಂಬ ಎಳೆ ಎಳೆಯಾಗಿ ಗೆರೆ ಎಳೆದರು. ರಕ್ತನಾಳಗಳಿಂದ ನೀರಿನಂಥ ದ್ರವ ಯಾವಾಗಲೂ ಜಿನುಗುತ್ತದಂತೆ. ಮಾಂಸ, ಚರ್ಮ ಎಲ್ಲಕ್ಕೂ ಆಹಾರ ತಲುಪಿಸುವುದು ಅದೇ. ಬಹುಪಾಲು ತಿರುಗಿ ರಕ್ತಕ್ಕೆ ಸೇರುತ್ತದೆ. ಮಿಕ್ಕಿದ್ದನ್ನು ಎಳೆದುಕೊಳ್ಳಲು ಮೈಯಲ್ಲೆಲ್ಲ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಆ ದ್ರವಕ್ಕೆ ಲಿಂಫ್ ಎಂದು ಹೆಸರು. ಶಾಲೆಯ ಪುಸ್ತಕದಲ್ಲಿ ದುಗ್ಧರಸ ಎಂದು ಬಾಯಿಪಾಠ ಮಾಡಿದ್ದೆ, ಅದು ನನ್ನೊಳಗೂ ಹರಿಯುತ್ತದೆ ಅಂತ ಯೋಚಿಸಿರಲಿಲ್ಲ.

ಅಪ್ಪ ಬಗ್ಗಿ ಚಿತ್ರ ನೋಡಿದ.

"ಬಸಿಗಾಲುವೆ ಇದು. ಗದ್ದೆ ಬಸಿನೀರು ಇಡ್ಕೊಂಡು ಕೆಳಗಿನ್ ಕೆರೆಗೆ ಬಿಡ್ತೀವಲ್ಲ, ಅಂಗೇ ಅಲ್ವಾ ತಾಯಿ?"

ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅಪ್ಪನನ್ನು ನೋಡಿದರು. ಹಾಗೇ ಅಂದರು. ಆಮೇಲೆ ಹೇಳಿದ್ದನ್ನೆಲ್ಲ ಅಪ್ಪನಿಗೇ ಹೇಳಿದರು. ಈ ಕಾಲುವೆಗೆ ಹೃದಯದಂಥ ಪಂಪಿಲ್ಲ. ಕೈಕಾಲು ಆಡಿದಾಗ, ಉಸಿರೆಳೆದಾಗ ಅದು ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತದೆ, ಹಿಂದೆ ಬಾರದಂತೆ ಒಳಗೆ ಸಣ್ಣ ಕದಗಳಿವೆ. ಕೊನೆಗೆ ಕೊರಳಿನ ಬುಡದಲ್ಲಿ ರಕ್ತಕ್ಕೆ ಸೇರಿಕೊಳ್ಳುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಗಂಟುಗಳಿವೆ, ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಹೊಟ್ಟೆಯೊಳಗೆ. ಅವು ರೋಗವಲ್ಲ, ಹುಟ್ಟಿನಿಂದ ಎಲ್ಲರಿಗೂ ಇರುತ್ತವೆ. ಹರಿದು ಬಂದ ದ್ರವ ಗಂಟಿನಲ್ಲಿ ಸೋಸಿ ಹೋಗುತ್ತದೆ. ಅದರಲ್ಲಿ ಕ್ರಿಮಿ ಸಿಕ್ಕಿದರೆ ಒಳಗಿರುವ ಬಿಳಿಯ ಕಣಗಳು ಅದರ ಗುರುತು ಹಿಡಿದು, ತಮ್ಮ ಸಂಖ್ಯೆ ಹೆಚ್ಚಿಸಿಕೊಂಡು ಅದರ ಮೇಲೆ ಬೀಳುತ್ತವೆ. ಗಂಟು ಊದುವುದು ಆಗ. ನನ್ನ ಟಿಬಿ ಕ್ರಿಮಿಯನ್ನು ಮೈತುಂಬ ಹರಡಲು ಬಿಡದೆ ಕುತ್ತಿಗೆಯಲ್ಲೇ ತಡೆದು ನಿಲ್ಲಿಸಿಕೊಂಡಿದ್ದವು ಆ ಮೂರು ಗಂಟುಗಳು.

ನನ್ನ ಮೈಯಲ್ಲಿ ನನ್ನ ಪರವಾಗಿ ನಿಂತಿದ್ದು ಅವು ಮಾತ್ರ. ಹುಡುಕಿ ಹುಡುಕಿ ಅವುಗಳ ಮೇಲೆಯೇ ಬರೆ ಹಾಕಿಸಿದ್ದಳು ಅತ್ತೆ. ಇದು ತಲೆಗೆ ಹೋದ ಕ್ಷಣದಲ್ಲಿ ನನಗೆ ಬಂದ ಸಿಟ್ಟು ಅದುವರೆಗಿನ ಸಿಟ್ಟಿನ ಹಾಗಿರಲಿಲ್ಲ. ಅದುವರೆಗೆ ಅಳು ಬೆರೆತಿರುತ್ತಿತ್ತು.

ಡಾಕ್ಟರಮ್ಮ ಎಕ್ಸರೇಯನ್ನು ಬೆಳಕಿಗೆ ಹಿಡಿದರು. ನನ್ನ ಪುಪ್ಪುಸ ಚೆನ್ನಾಗಿದೆ, ಗಂಟಿನ ಟಿಬಿ ಉಸಿರಿನಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ ಅಂದರು. ಆಮೇಲೆ ಕೇಳಿದರು.

"ನಿನಗೆ ಎಲ್ಲಿಂದಲೋ ಬಂದಿರಬೇಕಲ್ಲಮ್ಮ. ಮನೇಲಿ ತುಂಬಾ ದಿನದಿಂದ ಕೆಮ್ಮೋರು ಯಾರಿದ್ದಾರೆ?"

ನನ್ನ ಮಗಳು ಅತ್ತೆಯ ಪಕ್ಕದಲ್ಲಿ ಮಲಗುತ್ತಿದ್ದಳು.

ಇಲ್ಲಿ ಸುಳ್ಳು ಬರೆಯಬಾರದು. ಮೊದಲು ನನಗಾಗಿದ್ದು ಖುಷಿ. ಅತ್ತೆಗೆ ಟಿಬಿ ಇದ್ದರೆ ಇರಲಿ, ಕೆಮ್ಮಿ ಕೆಮ್ಮಿ ರಕ್ತ ಕಾರಲಿ, ನಾನು ಬಾಯಿ ಬಿಡುವುದಿಲ್ಲ ಅನ್ನಿಸಿತು. ಎರಡನೆಯದಾಗಿ ಮಗಳ ನೆನಪು ಬಂತು. ಯಾವ ತಾಯಿಗಾದರೂ ಮಗಳೇ ಮೊದಲು ನೆನಪಾಗಬೇಕಿತ್ತು. ನನಗೆ ಆಗಲಿಲ್ಲ. ರೋಗ ನನ್ನನ್ನು ಅಂಥವಳನ್ನಾಗಿ ಮಾಡಿತ್ತು.

ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಮಾತ್ರೆ ಶುರುವಾಯಿತು. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ನಡೆದರೆ ನೆಲ ವಾಲುತ್ತಿತ್ತು. ಅಪ್ಪ ಒಬ್ಬನೇ ವೇಮಗಲ್ ಕಡೆಗೆ ಹೋಗಿ, ಮಗುವನ್ನು ಕಳಿಸಿ, ನೀವೂ ಕಫ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಬೀಗಿತ್ತಿಗೆ ಕೈಮುಗಿದು ಹೇಳಿ ಬಂದ. ಅತ್ತೆ ಅವನನ್ನು ಜಗಲಿಯಿಂದಲೇ ಹೊರಡಿಸಿದಳಂತೆ. ಅವನ ಮಗಳ ರೋಗವನ್ನು ತನ್ನ ತಲೆಗೆ ಕಟ್ಟಲು ಬಂದಿದ್ದಾನೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದಳಂತೆ. ಅಪ್ಪ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೆರೆಯ ಕಡೆಗೆ ಹೋಗಿಬಿಟ್ಟ.

ಮುಂದಿನ ವಾರ ನಾನೇ ಹೋದೆ. ಡಾಕ್ಟರಮ್ಮನ ಚೀಟಿ ಹಿಡಿದ ಒಬ್ಬ ಹೆಲ್ತ್ ವಿಸಿಟರ್ ಜೊತೆಗಿದ್ದರು, ಕೈಯಲ್ಲಿ ಕಫ ಹಿಡಿಯುವ ಮುಚ್ಚಳದ ಡಬ್ಬಿ. ನಡುಮಧ್ಯಾಹ್ನ. ಹುಳುವಿನ ಮನೆಯಲ್ಲಿ ಹೊಸ ಬೆಳೆ ಎದ್ದಿತ್ತು. ಹುಳು ಹಣ್ಣಾಗಲು ಎರಡೇ ದಿನ, ಆಮೇಲೆ ಚಂದ್ರಿಕೆ ಅನ್ನುವ ಬಿದಿರು ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತವೆ. ಸೊಪ್ಪು ಹಾಕಲು ಬೀಗ ತೆಗೆದಿತ್ತು, ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು. ಸುಮ ಓಡಿ ಬಂದು ನನ್ನ ಕಾಲು ಕಟ್ಟಿಕೊಂಡಳು. ಬಿಡಿಸಿಕೊಳ್ಳಲು ಬಂದ ಅತ್ತೆ ನನ್ನ ಕುತ್ತಿಗೆಗೆ ಸುತ್ತಿದ್ದ ಕೀವಿನ ಬಟ್ಟೆ ನೋಡಿ ಮಾರುದೂರ ನಿಂತಳು.

ಹೆಲ್ತ್ ವಿಸಿಟರ್ ಸಮಾಧಾನವಾಗಿ ಕಫ ಕೇಳಿದರು. ಇದು ಸುಣ್ಣದ ಕೆಮ್ಮು, ಮದುವೆಯಾಗಿ ಬಂದಾಗಿನಿಂದ ಐತೆ ಅಂದಳು ಅತ್ತೆ. ಅವರು ಮತ್ತೆ ಕೇಳಿದರು. ಸಿಟ್ಟು ಬಂದರೆ ಅತ್ತೆಯ ಬಾಯಿಗೆ ತೆಲುಗು ಬರುತ್ತದೆ. ನೋರು ಮುಯ್ಯಿ, ಬಾಯಿ ಮುಚ್ಚು, ಅಂತ ಸರ್ಕಾರದ ನೌಕರನಿಗೇ ಅಂದಳು. ಅಕ್ಕಪಕ್ಕದವರು ಬಂದು ನಿಂತರು. ನನ್ನ ಗಂಡ ಸೊಪ್ಪಿನ ಹೊರೆ ಹೊತ್ತು ಬಂದವನು, ಅದನ್ನು ಇಳಿಸುವುದನ್ನೂ ಮರೆತು ನಿಂತಿದ್ದ.

ನಾನು ಸುಮಳನ್ನು ಅವನ ಕಡೆ ತಳ್ಳಿದೆ. ನೇರವಾಗಿ ಹುಳುವಿನ ಮನೆಯ ಹತ್ತಿರ ಹೋಗಿ, ಕುತ್ತಿಗೆಯ ಬಟ್ಟೆ ಬಿಚ್ಚಿ ಕೆಳಗೆ ಹಾಕಿದೆ. ಚಿಲಕದ ಮೇಲೆ ಕೈಯಿಟ್ಟೆ. ಒಳಗೆ ಸಾವಿರಾರು ಹುಳುಗಳು ಸೊಪ್ಪು ಕಡಿಯುವ ಸದ್ದು ಬಾಗಿಲಿಗೆ ಕಿವಿಗೊಡದೆಯೂ ಕೇಳುತ್ತಿತ್ತು.

"ಕಫ ಕೊಡ್ತೀರೋ ಅತ್ತೆ, ಇಲ್ಲಾ ನಾನು ಒಳಗೆ ಹೋಗ್ಲೋ?"

ನನ್ನ ಕೀವಿನಿಂದ ಹುಳು ಸಾಯುವುದಿಲ್ಲ. ಹಾಲುತೊಂಡೆ ಹುಳುವಿನದೇ ರೋಗ, ಮನುಷ್ಯರದಲ್ಲ ಅಂತ ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡಿದ್ದೆ. ಅತ್ತೆಗೆ ಅದು ಗೊತ್ತಿರಲಿಲ್ಲ. ಅವಳ ಅಜ್ಞಾನವನ್ನು ತೊಳೆಯುವ ಪುಣ್ಯ ಅವತ್ತು ನನಗೆ ಬೇಕಾಗಿರಲಿಲ್ಲ. ಚಿಲಕ ಸ್ವಲ್ಪ ಎಳೆದೆ. ಕಿರ್ ಅಂತು.

ಅತ್ತೆಯ ಮುಖ ಬಿಳಿಚಿಕೊಂಡಿತು. ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಡಬ್ಬಿ ಈಸಿಕೊಂಡಳು. ಬಾಯಿಯ ಎಂಜಲು ಬೇಡ, ಎದೆಯಿಂದ ಕೆಮ್ಮಿ ತೆಗೆಯಿರಿ ಅಂದರು ಹೆಲ್ತ್ ವಿಸಿಟರ್. ಊರವರ ಎದುರಿಗೆ, ಬಗ್ಗಿ, ಎದೆ ಹಿಡಿದುಕೊಂಡು ಅವಳು ಕೆಮ್ಮಿದಳು. ಎರಡು ಸಲ, ಮೂರು ಸಲ. ಅದನ್ನು ನೋಡುತ್ತಾ ನಿಂತಿದ್ದಾಗ ನನ್ನ ಮೂರೂ ಬರೆಗಳಿಗೆ ಯಾರೋ ಬೆಣ್ಣೆ ಸವರಿದ ಹಾಗಿತ್ತು. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಬಸ್ಸಿಗೆ ನಡೆದೆ. ಯಾರೂ ತಡೆಯಲಿಲ್ಲ.

ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿತು. ಎಕ್ಸರೇಯಲ್ಲಿ ಎಡ ಪುಪ್ಪುಸದ ಮೇಲ್ಭಾಗದಲ್ಲಿ ತೂತಿತ್ತಂತೆ. ಎಷ್ಟೋ ವರ್ಷದ್ದು, ನನಗಿಂತ ಹೆಚ್ಚು ತಿಂಗಳು ಔಷಧಿ ಹಿಡಿಯಬೇಕು ಅಂದರು.

ಸುಮಳಿಗೆ ಸ್ನಾನ ಮಾಡಿಸುವಾಗ ನನ್ನ ಬೆರಳು ತಾನಾಗಿ ಅವಳ ಕಿವಿಯ ಕೆಳಗೆ ಹೋಗುತ್ತಿತ್ತು. ಮೂರನೆಯ ದಿನ ಸಿಕ್ಕಿತು.

ಕಡಲೆಕಾಳಿನಷ್ಟು. ಜಾರುತ್ತಿತ್ತು.

ಮೈ ಒರೆಸದೆ ಮಗುವಿಗೆ ಬಟ್ಟೆ ಸುತ್ತಿ ಎತ್ತಿಕೊಂಡು ಓಡಿದೆ. ಬಸ್ಸಿನಲ್ಲಿ ಕೋಲಾರ ಬರುವ ತನಕ ಅತ್ತೆಗೆ ಕೊಡಬೇಕಾದ ಶಿಕ್ಷೆಗಳನ್ನು ಒಂದೊಂದಾಗಿ ಯೋಚಿಸಿದೆ. ಯಾವುದೂ ಸಾಕಾಗಲಿಲ್ಲ. ಡಾಕ್ಟರಮ್ಮ ಮಗುವಿನ ಕುತ್ತಿಗೆ, ಕಂಕುಳು, ಗಂಟಲು ಎಲ್ಲ ನೋಡಿದರು. ಗಂಟಲು ಕೆಂಪಾಗಿದೆ, ಅದಕ್ಕೇ ಈ ಗಂಟು, ಮಕ್ಕಳಲ್ಲಿ ಇವು ಹೀಗೆ ಕೈಗೆ ಸಿಗುತ್ತವೆ, ಅದರ ಕೆಲಸ ಅದು ಮಾಡುತ್ತಿದೆ ಅಂದರು. ಆದರೂ ಮುಂಗೈಗೆ ಸೂಜಿ ಚುಚ್ಚಿ ಟೆಸ್ಟ್ ಮಾಡಿದರು. ಎರಡು ದಿನ ಬಿಟ್ಟು ನೋಡಿದಾಗ ಅಲ್ಲಿ ದಪ್ಪಗೆ ಕೆಂಪಗೆ ಊದಿತ್ತು. ಟಿಬಿ ಕ್ರಿಮಿ ಮಗುವಿನ ಮೈ ಹೊಕ್ಕಿದೆ. ಎಕ್ಸರೇ ಸ್ವಚ್ಛವಾಗಿದೆ. ಹೊಕ್ಕಿದ್ದನ್ನು ಮೈ ಹಿಡಿದಿಟ್ಟುಕೊಂಡಿದೆ, ಅದು ಏಳದ ಹಾಗೆ ಕೆಲವು ತಿಂಗಳು ಮಾತ್ರೆ ಕೊಡೋಣ ಅಂದರು. ನನ್ನ ನಾಲ್ಕು ವರ್ಷದ ಮಗಳ ಒಳಗೆ ನನ್ನ ಕಣ್ಣಿಗೆ ಕಾಣದ ಒಂದು ಕಾವಲು ಶುರುವಾಗಿಹೋಗಿತ್ತು. ಅದಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ದೇವರಿಗೆ ಆಮೇಲೆ ಮುಗಿದೆ.

ನನ್ನ ಗಂಡ ತವರಿಗೆ ಬಂದು ಅಂಗಳದಲ್ಲಿ ಕುಳಿತ. ಅಮ್ಮನಿಗೆ ಇಂಜೆಕ್ಷನ್ ಕೊಡಿಸಲು ದಿನಾ ಕರೆದುಕೊಂಡು ಹೋಗುವವರಿಲ್ಲ, ಹುಳುವಿಗೆ ಸೊಪ್ಪು ಹಾಕುವವರಿಲ್ಲ ಅಂದ. ನೀನು ಬಾ ಅಂತ ಬಾಯಿ ಬಿಟ್ಟು ಕೇಳಲಿಲ್ಲ. ನಾನು ಕಾಯಿಸಿದೆ. ಕೊನೆಗೆ ಕೇಳಿದ. ಹುಳುವಿನ ಮನೆಯ ಬೀಗದ ಕೈ ನನ್ನ ಹತ್ತಿರ ಇರಬೇಕು, ಸುಮ ನನ್ನ ಪಕ್ಕದಲ್ಲೇ ಮಲಗಬೇಕು ಅಂದೆ. ಒಪ್ಪಿದ. ಬಂದೆ.

ಈಗ ಬರೆಯುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಔಷಧಿ ಸರಿಯಾಗಿ ಹಿಡಿದರೆ ಕೆಲವು ವಾರಗಳಲ್ಲಿ ಅಂಟುವುದು ನಿಲ್ಲುತ್ತದೆ, ಆಮೇಲೆ ದೂರ ಇಡಬೇಕಾಗಿಲ್ಲ ಅಂತ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. ಎರಡನೇ ಸಲದ ಕಫದಲ್ಲಿ ಕ್ರಿಮಿ ಇರಲಿಲ್ಲ. ಆ ಚೀಟಿಯನ್ನು ನಾನು ಮನೆಯಲ್ಲಿ ಓದಿ ಹೇಳಲಿಲ್ಲ. ಅತ್ತೆಯನ್ನು ಎರಡು ಬೆಳೆ ಪೂರ್ತಿ ಜಗಲಿಯ ಮೇಲೆ ಕೂರಿಸಿದೆ. ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಮೂವತ್ತು ವರ್ಷ ಹುಳು ಸಾಕಿದವಳು ಗೋಡೆಗೆ ಕಿವಿಯಾನಿಸಿ ಒಳಗಿನ ಸದ್ದು ಕೇಳುತ್ತಿದ್ದಳು. ಸೊಪ್ಪು ಸಾಲದು ಅಂತ ಸದ್ದಿನಲ್ಲೇ ಗೊತ್ತು ಮಾಡಿ, ಯಾರಿಗೂ ಅಲ್ಲ ಅನ್ನುವ ಹಾಗೆ ಗಾಳಿಗೆ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡು ಹಾಕುತ್ತಿದ್ದೆ, ಉತ್ತರ ಕೊಡುತ್ತಿರಲಿಲ್ಲ. ಮೂರನೇ ಬೆಳೆಗೆ, ಚೀಟಿ ಈಗಷ್ಟೇ ಬಂತು ಅಂತ ಸುಳ್ಳು ಹೇಳಿ ಒಳಗೆ ಬಿಟ್ಟೆ. ನಾಚಿಕೆಯಾಗಿತ್ತು ಅಂತ ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಸ್ವಲ್ಪವೇ ಆಗಿತ್ತು.

ನನ್ನ ಗಂಟುಗಳು ಎಷ್ಟೋ ತಿಂಗಳು ಹಿಡಿದು ಕರಗಿದವು. ಒಡೆದದ್ದು ಒಣಗಿ ಸುಕ್ಕುಗಟ್ಟಿದೆ, ಬರೆಗಳು ಹಾಗೇ ಇವೆ. ಬೆಳಗ್ಗೆ ಕಸ ಗುಡಿಸುವಾಗ, ನೀರು ಸೇದುವಾಗ ಈಗ ನನಗೆ ಒಂದು ಯೋಚನೆ ಬರುತ್ತದೆ. ಈ ಕೈ ಎತ್ತಿ ಇಳಿಸುವುದರಿಂದಲೇ ಒಳಗೆ ಆ ನೀರು ಒಂದೊಂದು ಕದ ದಾಟಿ ಮೇಲಕ್ಕೆ ಹೋಗುತ್ತಿದೆ, ಯಾರೂ ತಳ್ಳದೆ, ಸದ್ದಿಲ್ಲದೆ, ಸಿಕ್ಕಿದ ವಿಷವನ್ನೆಲ್ಲ ದಾರಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುತ್ತಾ. ಅದು ಒಮ್ಮೆ ಕಂಡ ಶತ್ರುವಿನ ಮುಖವನ್ನು ಸುಲಭಕ್ಕೆ ಮರೆಯುವುದಿಲ್ಲ ಅಂದಿದ್ದರು ಡಾಕ್ಟರಮ್ಮ. ನನಗೆ ಅದು ಬಹಳ ಇಷ್ಟವಾಯಿತು.

ಅತ್ತೆಯ ಕೆಮ್ಮು ನಿಂತು ಮೈ ತುಂಬಿಕೊಂಡಿತು. ವಾಸಿಯಾಯಿತು ಅನ್ನಿಸಿದಲ್ಲಿಂದ ತೊಂದರೆ ಶುರುವಾಯಿತು. ಹೋದ ತಿಂಗಳು ಹಿಪ್ಪುನೇರಳೆ ಕಡ್ಡಿಯ ರಾಶಿ ಎತ್ತುವಾಗ ಅದರಡಿ ಹನ್ನೊಂದು ಮಾತ್ರೆ ಸಿಕ್ಕವು. ಅರ್ಧ ಕರಗಿದ್ದವು, ಬಾಯಿಂದ ಉಗಿದಂಥವು. ಅವನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಗೆ ಹೋದೆ. ಅರ್ಧದಲ್ಲಿ ಬಿಟ್ಟರೆ ಕ್ರಿಮಿ ಮತ್ತೆ ಏಳುತ್ತದೆ, ಆಗ ಈ ಔಷಧಿಗೂ ಬಗ್ಗುವುದಿಲ್ಲ ಅಂತ ಅವಳಿಗೂ ಹೇಳಿದ್ದರು. ಸುಮ ಅಲ್ಲೇ ಅಜ್ಜಿಯ ಕಾಲ ಬಳಿ ಕವಡೆ ಆಡುತ್ತಿದ್ದಳು.

ಅತ್ತೆ ಮಾತ್ರೆಗಳನ್ನು ನೋಡಿದಳು. ಸುಳ್ಳು ಹೇಳಲಿಲ್ಲ.

"ವಾಕರಿಕೆ ಕಣಮ್ಮ. ಸಾಕು ಬಿಡು. ನಾನ್ ಸತ್ರೆ ನಿಂಗೇ ಅಲ್ವಾ ನೆಮ್ದಿ."

ಎಷ್ಟು ಸಲ ಬೇಡಿಕೊಂಡಿದ್ದ ಸಾವು ಅದು. ಅವಳಾಗಿ ತಂದು ಕೈಗೆ ಕೊಡುತ್ತಿದ್ದಳು. ನಾನು ಮಗಳನ್ನು ಎಬ್ಬಿಸಿ ಒಳಗೆ ಕಳಿಸಿದೆ. ಹೊಸ ಮಾತ್ರೆ, ಒಂದು ಲೋಟ ನೀರು ತಂದೆ.

"ನೀವು ಸಾಯೋದು ನಂಗೆ ಬೇಡ ಅತ್ತೆ. ನನ್ ಸಿಟ್ಟು ಇನ್ನೂ ಮುಗ್ದಿಲ್ಲ. ಬಾಯಿ ತೆಗೀರಿ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಬಾಯಿ ತೆರೆದಳು. ಮಾತ್ರೆ ನಾಲಗೆಯ ಮೇಲಿಟ್ಟೆ, ನೀರು ಕುಡಿಸಿದೆ, ನಾಲಗೆ ಎತ್ತಿ ತೋರಿಸಿ ಅಂದೆ. ತೋರಿಸಿದಳು. ಅವತ್ತಿನಿಂದ ದಿನಾ ಬೆಳಗ್ಗೆ, ನಾನು ಕರೆಯುವ ಮುಂಚೆಯೇ, ಜಗಲಿಯ ಅಂಚಿಗೆ ಬಂದು ಬಾಯಿ ತೆರೆದು ಕೂರುತ್ತಾಳೆ. ಅವಳ ಔಷಧಿ ಇನ್ನು ಐದು ತಿಂಗಳಿದೆ. ನಾನು ಒಂದು ದಿನವೂ ತಪ್ಪಿಸುವುದಿಲ್ಲ.